ಒಂದು ಪರದೆ, ಎರಡು ನಕ್ಷೆ

ಅಕ್ಕ ತಂಗಿ ಇಬ್ಬರೂ ವಕೀಲರು. ಓದಿದ್ದು ಒಂದೇ ಕಾಲೇಜು, ಹೆಸರು ಮಾಡಿದ್ದು ಒಂದೇ ಕೋರ್ಟು. ಆದರೆ ಒಂದೇ ಕೇಸಿನಲ್ಲಿ ಎದುರುಬದುರು ನಿಂತದ್ದು ಮಾತ್ರ ಅದುವರೆಗೆ ಇರಲಿಲ್ಲ. ಅಕ್ಕ ದೊಡ್ಡ ಕಂಪನಿಗಳ ಪರ ವಾದಿಸುವವಳು, ಮಾತಿನಲ್ಲಿ ಎತ್ತಿದ ಕೈ. ಅವಳು ಎದ್ದು ನಿಂತರೆ ಪಕ್ಕದ ಕೋರ್ಟಿನ ಕಿರಿಯ ವಕೀಲರೆಲ್ಲ ಬಾಗಿಲ ಹತ್ತಿರ ಬಂದು ನಿಲ್ಲುತ್ತಿದ್ದರು. ತಂಗಿ ಸರ್ಕಾರದ ಸ್ಪರ್ಧಾ ಆಯೋಗದ ವಕೀಲೆ. ದೊಡ್ಡ ವ್ಯಾಪಾರಿ ಚಿಕ್ಕ ವ್ಯಾಪಾರಿಯ ದಾರಿಗೆ ಅಡ್ಡ ಕೂತರೆ ಅವನನ್ನು ಎಬ್ಬಿಸುವುದೇ ಆ ಆಯೋಗದ ಕೆಲಸ. ತಂಗಿಗೆ ಅಕ್ಕನ ಹಾಗೆ ಮಾತು ಹರಿಯುತ್ತಿರಲಿಲ್ಲ. ಆದರೆ ಹಿಡಿದ ಪಟ್ಟು ಬಿಡುವವಳಲ್ಲ, ಅದು ಅವಳಿಗೂ ಗೊತ್ತಿತ್ತು, ಕೋರ್ಟಿಗೂ ಗೊತ್ತಿತ್ತು.

ಕೇಸು ಒಂದು ಭಾರಿ ಸಾಫ್ಟ್‌ವೇರ್ ಕಂಪನಿಯ ಮೇಲಿನದು. ಲಾರಿಯಿರಲಿ, ಬಸ್ಸಿರಲಿ, ಕಾರಿರಲಿ, ಸ್ಟೇರಿಂಗ್ ಪಕ್ಕದಲ್ಲಿ ಈಗ ಒಂದು ಪರದೆ ಇರುತ್ತದಲ್ಲ, ಆ ಪರದೆಯನ್ನು ನಡೆಸುವ ಮೂಲ ಸಾಫ್ಟ್‌ವೇರ್ ಹೆಚ್ಚುಕಮ್ಮಿ ಎಲ್ಲ ಗಾಡಿಗಳಲ್ಲೂ ಈ ಕಂಪನಿಯದೇ. ಅದರ ಜೊತೆ ಕಂಪನಿ ತನ್ನದೇ ದಾರಿ ತೋರಿಸುವ ನಕ್ಷೆಯನ್ನೂ ಪುಕ್ಕಟೆಯಾಗಿ ಕೊಡುತ್ತಿತ್ತು. ಅಷ್ಟಕ್ಕೇ ನಿಂತಿದ್ದರೆ ಮಾತು ಕೋರ್ಟಿನವರೆಗೆ ಬರುತ್ತಿರಲಿಲ್ಲ. ಗಾಡಿ ತಯಾರಿಸುವವರ ಹತ್ತಿರ ಅದು ಒಂದು ಕರಾರಿಗೆ ಸಹಿ ಹಾಕಿಸಿಕೊಂಡಿತ್ತು: ಈ ಪರದೆಯ ಮೇಲೆ ಬೇರೆ ಯಾರ ನಕ್ಷೆಯನ್ನೂ ಹಾಕಬಾರದು, ಹಾಕಿದರೆ ಮೂಲ ಸಾಫ್ಟ್‌ವೇರೇ ಇಲ್ಲ.

ಇದರಿಂದ ಮೊದಲು ಪೆಟ್ಟು ತಿಂದವಳು ಲಾರಿಗಳಿಗೆಂದೇ ನಕ್ಷೆ ಮಾಡುತ್ತಿದ್ದ ಒಬ್ಬ ಹೆಂಗಸು. ಕೋರ್ಟಿನಲ್ಲಿ ಎಲ್ಲರೂ ಅವಳನ್ನು ನಕ್ಷೆಯಮ್ಮ ಎಂದೇ ಕರೆಯತೊಡಗಿದ್ದರು. ಯಾವ ಸೇತುವೆ ತಗ್ಗು, ಯಾವ ರಸ್ತೆ ಭಾರ ತಾಳುವುದಿಲ್ಲ, ಯಾವ ತಿರುವಿನಲ್ಲಿ ಉದ್ದದ ಲಾರಿ ಸಿಕ್ಕಿಹಾಕಿಕೊಳ್ಳುತ್ತದೆ, ಅದೆಲ್ಲ ಅವಳ ನಕ್ಷೆಯಲ್ಲಿತ್ತು. ಕಂಪನಿಯ ನಕ್ಷೆಗೆ ಲಾರಿಯೂ ಒಂದೇ, ಸ್ಕೂಟರೂ ಒಂದೇ. ಕರಾರು ಬಂದ ಮೇಲೆ ನಕ್ಷೆಯಮ್ಮನ ನಕ್ಷೆ ಹೊಸ ಲಾರಿಗಳ ಒಳಗೆ ಕಾಲಿಡುವ ಹಾಗೇ ಇರಲಿಲ್ಲ. ಅವಳು ಆಯೋಗಕ್ಕೆ ದೂರು ಕೊಟ್ಟಳು. ಆಯೋಗ ತನಿಖೆ ಮಾಡಿ ಕೋರ್ಟಿಗೆ ಹೋಯಿತು. ಕಡತ ತಂಗಿಯ ಮೇಜಿಗೆ ಬಂತು. ಆರು ವಾರ ಕಳೆಯುವಷ್ಟರಲ್ಲಿ ಕಂಪನಿ ಅಕ್ಕನಿಗೆ ವಕಾಲತ್ತು ಕೊಟ್ಟಿತು.

ಅಕ್ಕ ಅವತ್ತೇ ಫೋನ್ ಮಾಡಿದಳು. ಬಿಡು ಅಂದರೆ ಬಿಟ್ಟುಬಿಡುತ್ತೇನೆ ಎಂದಳು. ತಂಗಿ ಬೇಡ ಎಂದಳು. ಬೇರೆ ಯಾರೋ ಬಂದು ಅರೆಬರೆ ವಾದ ಮಾಡಿ ಸೋತರೆ ಆ ಗೆಲುವು ಮೇಲಿನ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅಕ್ಕನ ಏಟು ತಿಂದೂ ನಿಂತರೆ ಯಾರ ಏಟಿಗೂ ನಿಲ್ಲುತ್ತದೆ. ಇಬ್ಬರೂ ತಾವು ಒಡಹುಟ್ಟಿದವರೆಂದು ಕೋರ್ಟಿಗೆ ಬರೆದುಕೊಟ್ಟರು. ಪೀಠದಲ್ಲಿದ್ದ ಮೂವರಲ್ಲಿ ಹಿರಿಯರಾದ ಮುಖ್ಯ ನ್ಯಾಯಾಧೀಶರು, ಯಾರದಾದರೂ ಆಕ್ಷೇಪಣೆ ಇದೆಯೇ ಎಂದು ಕೇಳಿದರು. ಯಾರದೂ ಇರಲಿಲ್ಲ. ಗಣಿತದ ಟೀಚರಾಗಿ ನಿವೃತ್ತಳಾಗಿದ್ದ ಅಮ್ಮನಿಗೆ ವಿಷಯ ಹೇಳಿದಾಗ ಅವಳು, ಚಿಕ್ಕಂದಿನಲ್ಲಿ ಕಿಟಕಿ ಪಕ್ಕದ ಜಾಗಕ್ಕೆ ನೀವಿಬ್ಬರೂ ಆಡಿದ ಜಗಳ ನಾನು ಪುಕ್ಕಟೆ ಕೇಳಿದೆ, ಈಗ ಅದನ್ನು ಸಂಬಳ ತೆಗೆದುಕೊಂಡು ಕೇಳುವವರು ಸಿಕ್ಕರಲ್ಲ, ಎಂದು ಹೇಳಿ ನಕ್ಕಳು.

ವಿಚಾರಣೆ ಶುರುವಾಯಿತು. ಅಕ್ಕನ ವಾದ ಮೂರು ಕಾಲಿನ ಮೇಲೆ ನಿಂತಿತ್ತು. ಒಂದು, ಪರದೆ ಮತ್ತು ನಕ್ಷೆ ಬೇರೆ ಬೇರೆ ಸರಕಲ್ಲ, ಒಂದೇ ಸರಕು. ಅಂಗಿ ಕೊಂಡವನಿಗೆ ಗುಂಡಿ ಬೇರೆ ಮಾರುವುದಿಲ್ಲ, ಹಾಗೆಯೇ ಇದು. ಎರಡು, ಬೇರೆ ನಕ್ಷೆ ಬೇಕೆಂದವನು ತನ್ನ ಫೋನನ್ನು ಗಾಜಿಗೆ ಅಂಟಿಸಿಕೊಂಡು ನೋಡಬಹುದು, ಬಾಗಿಲು ಎಲ್ಲಿ ಮುಚ್ಚಿದೆ? ಮೂರು, ಪುಕ್ಕಟೆ ಕೊಟ್ಟದ್ದರಿಂದ ಯಾರ ಜೇಬಿಗೆ ಕತ್ತರಿ ಬಿದ್ದಿದೆ? ಇದನ್ನೆಲ್ಲ ಅವಳು ಒಂದು ಕಾಗದವನ್ನೂ ನೋಡದೆ ಹೇಳಿದಳು. ಮಧ್ಯೆ ಮಧ್ಯೆ ಪೀಠದ ಮುಖದಲ್ಲಿ ನಗು ಮೂಡಿಸಿದಳು. ತಂಗಿಗೆ ಒಳಗೊಳಗೇ ಹೆಮ್ಮೆಯಾಯಿತು. ಅದರ ಹಿಂದೆಯೇ, ಇದನ್ನು ಬಿಚ್ಚಬೇಕಾದವಳು ನಾನೇ ತಾನೆ, ಎಂಬುದೂ ನೆನಪಾಯಿತು.

ತನ್ನ ಸರದಿ ಬಂದಾಗ ಅವಳು ಅವಸರ ಮಾಡಲಿಲ್ಲ.

"ನನ್ನ ಹಿರಿಯ ಮಿತ್ರರು ಅಂಗಿ ಗುಂಡಿಯ ಮಾತಾಡಿದರು," ಎಂದಳು. ಕೋರ್ಟಿನ ಪದ್ಧತಿಯಂತೆ ಎದುರಾಳಿಯನ್ನು ಹಿರಿಯ ಮಿತ್ರರು ಎನ್ನಲೇಬೇಕು. ಇಲ್ಲಿ ಅದು ಅಕ್ಷರಶಃ ನಿಜವಾಗಿದ್ದರಿಂದ ಪೀಠದಲ್ಲಿ ಒಬ್ಬರು ತುಟಿ ಕಚ್ಚಿ ನಗು ತಡೆದರು. "ಗುಂಡಿಯನ್ನೇ ಹುಡುಕಿಕೊಂಡು ಅಂಗಡಿಗೆ ಹೋಗುವವರು ಕಡಿಮೆ, ಸ್ವಾಮಿ. ಆದರೆ ಲಾರಿಯ ನಕ್ಷೆಯನ್ನೇ ಕೇಳಿಕೊಂಡು ಹೋಗುವವರು ಇದ್ದರು. ಅವರಿಗಾಗಿ ಅದನ್ನು ಮಾಡಿ ಮಾರುವವರೂ ಇದ್ದರು. ಕೊಳ್ಳುವವರು ಬೇರೆಯಾಗಿ ಕೇಳಿದರೆ ಅದು ಬೇರೆ ಸರಕು. ಇನ್ನು ಕಂಪನಿಯ ನಕ್ಷೆ ಅಷ್ಟು ಚೆನ್ನಾಗಿದ್ದರೆ, ಬೇರೆಯದನ್ನು ಹಾಕಬೇಡಿ ಅನ್ನೋ ಕರಾರು ಯಾಕೆ ಬೇಕಿತ್ತು?"

ಮುಖ್ಯ ನ್ಯಾಯಾಧೀಶರು ಆ ಕೊನೆಯ ಮಾತನ್ನು ಬರೆದುಕೊಂಡರು. ಅವರು ಬರೆದುಕೊಳ್ಳುವುದೇ ಅಪರೂಪ. ಕಣ್ಣು ಅರ್ಧ ಮುಚ್ಚಿ ಕೂರುವ ಅವರನ್ನು ನಿದ್ದೆ ಹೋದರೆಂದುಕೊಂಡು ಕೆಟ್ಟ ವಕೀಲರು ಎಷ್ಟೋ ಮಂದಿ.

ಮುಂದೆ ನಕ್ಷೆಯಮ್ಮನ ಸಾಕ್ಷಿ. ಕಟಕಟೆಯಲ್ಲಿ ನಿಂತವಳು ತಂಗಿಯ ಪ್ರಶ್ನೆಗಳಿಗೆ ಚೊಕ್ಕವಾಗಿ ಉತ್ತರ ಕೊಟ್ಟಳು. ಫೋನನ್ನು ಗಾಜಿಗೆ ಅಂಟಿಸಿಕೊಂಡರೆ ಯಾಕೆ ಸಾಲದು ಎಂದು ಕೇಳಿದಾಗ, ಲಾರಿಯ ಮೇಲೆ ಎಷ್ಟು ಹೊರೆ ಇದೆ, ಹೊರೆ ಹೊತ್ತ ಮೇಲೆ ಎತ್ತರ ಎಷ್ಟಾಯಿತು ಎಂಬುದು ಗಾಡಿಯ ಒಳಗಿನ ಪರದೆಗೆ ಮಾತ್ರ ಗೊತ್ತಾಗುತ್ತದೆ, ಫೋನಿಗೆ ಗೊತ್ತಾಗುವುದಿಲ್ಲ, ಎಂದು ವಿವರಿಸಿದಳು. ಅಕ್ಕನ ಎರಡನೇ ಕಾಲು ಅಲ್ಲಿಗೆ ಅಲುಗಾಡಿತು.

ಆದರೆ ಪಾಟೀಸವಾಲಿಗೆ ಎದ್ದ ಅಕ್ಕ ಸುಮ್ಮನೆ ಬಿಡುವವಳೇ? ವ್ಯಾಪಾರ ಬಿದ್ದದ್ದು ಕರಾರಿನಿಂದಲೋ ಅಥವಾ ನಿಮ್ಮ ಸೋಮಾರಿತನದಿಂದಲೋ ಎಂದು ನಯವಾಗಿಯೇ ಕೇಳಿದಳು. ಆ ವರ್ಷ ಹೊಸ ರಸ್ತೆಗಳನ್ನು ನಿಮ್ಮ ನಕ್ಷೆಗೆ ಸೇರಿಸುವುದು ತಡವಾಗಿತ್ತು, ಹೌದೋ ಅಲ್ಲವೋ? ನಕ್ಷೆಯಮ್ಮ ತಂಗಿಯ ಕಡೆ ನೋಡಿದಳು. ತಂಗಿ ಮುಖದಲ್ಲಿ ಏನನ್ನೂ ತೋರಿಸಲಿಲ್ಲ. ಕೇಳಿದ್ದಕ್ಕೆ ನಿಜ ಹೇಳಿ ಎಂಬುದೊಂದನ್ನೇ ಅವಳು ಮೊದಲೇ ಹೇಳಿಕೊಟ್ಟಿದ್ದಳು.

ಹೌದು, ತಡವಾಗಿತ್ತು, ಗಿರಾಕಿಗಳು ಬೈದರು ಎಂದಳು ನಕ್ಷೆಯಮ್ಮ. ಅಕ್ಕ ಗೆದ್ದವಳಂತೆ ತಲೆದೂಗಿ ಕೂತಳು. ಕಂಪನಿಯ ಕಡೆಯ ಬೆಂಚುಗಳಲ್ಲಿ ಗುಸುಗುಸು ಎದ್ದಿತು.

ತಂಗಿ ನಿಧಾನವಾಗಿ ಎದ್ದು ಒಂದೇ ಪ್ರಶ್ನೆ ಕೇಳಿದಳು. "ಆಮೇಲೆ ಸರಿ ಮಾಡಿದ್ರಲ್ಲ. ಆ ಗಿರಾಕಿಗಳು ತಿರುಗಿ ಬಂದರಾ?"

"ಬಂದರಮ್ಮ. ಬೇಕು ಅಂದರು. ಹಾಕಿಕೊಳ್ಳೋಕೆ ಜಾಗ ಇರಲಿಲ್ಲ."

ಗುಸುಗುಸು ನಿಂತಿತು. ತಪ್ಪು ಒಪ್ಪಿಕೊಂಡ ಸಾಕ್ಷಿ ಹೇಳಿದ ಮಾತು ತಪ್ಪೇ ಇಲ್ಲದ ಸಾಕ್ಷಿಯ ಮಾತಿಗಿಂತ ತೂಕದ್ದೆಂದು ಇಬ್ಬರು ವಕೀಲೆಯರಿಗೂ ಗೊತ್ತಿತ್ತು.

ಹೀಗೆ ದಿನಗಳು ಉರುಳಿ ಕೊನೆಯ ವಾದದ ದಿನ ಬಂತು. ತಂಗಿಗೆ ಕೇಸಿನ ಮೇಲೆ ಭರವಸೆ ಇತ್ತು, ಆದರೆ ಒಂದು ವಿಷಯ ಮಾತ್ರ ಗಂಟಲಲ್ಲಿ ಸಿಕ್ಕ ಮುಳ್ಳಿನಂತಿತ್ತು. ಆಯೋಗದ ಅರ್ಜಿಯಲ್ಲಿ ಕೊನೆಗೆ ಕೇಳಿಕೊಂಡದ್ದು ಏನೆಂದರೆ, ಕಂಪನಿಯನ್ನು ಎರಡಾಗಿ ಒಡೆಯಿರಿ ಎಂದು. ಮೂಲ ಸಾಫ್ಟ್‌ವೇರಿಗೆ ಒಂದು ಕಂಪನಿ, ಉಳಿದದ್ದಕ್ಕೆ ಇನ್ನೊಂದು. ಇದು ಆಯೋಗದ ನಿರ್ದೇಶಕರ ಆಸೆ. ಪತ್ರಿಕೆಗಳೂ ಅದನ್ನೇ ಹಿಡಿದು ಬರೆಯುತ್ತಿದ್ದವು. ಅರ್ಜಿ ಸಿದ್ಧವಾಗುವಾಗಲೇ ತಂಗಿ, ಇದು ಬೇಡ, ಹಲ್ಲುನೋವಿಗೆ ದವಡೆ ಕೀಳುವ ಕೆಲಸ ಇದು, ಎಂದು ಹೇಳಿದ್ದಳು. ನಿರ್ದೇಶಕರು ಕೇಳಿರಲಿಲ್ಲ. ಅಕ್ಕ ಈ ಒಂದು ಬೇಡಿಕೆಯ ಮೇಲೇ ಕಣ್ಣಿಟ್ಟು ಇಡೀ ಮಧ್ಯಾಹ್ನದ ವಾದ ಕಟ್ಟಿಕೊಂಡು ಬಂದಿದ್ದಾಳೆಂದು ತಂಗಿಗೆ ನೋಡಿದರೇ ತಿಳಿಯುತ್ತಿತ್ತು. ಅಕ್ಕನ ಮೇಜಿನ ಮೇಲಿನ ಕಾಗದದ ಕಟ್ಟು ಅಷ್ಟು ದಪ್ಪಗಿತ್ತು. ಅಮ್ಮನೂ ಅವತ್ತು ಬಂದಿದ್ದಳು. ಯಾವ ಪಕ್ಷದವಳೆಂದೂ ಯಾರೂ ಹೇಳಬಾರದೆಂದು ಹಿಂದಿನ ಸಾಲಿನಲ್ಲಿ ಅಳೆದಂತೆ ನಟ್ಟನಡುವೆ ಕೂತಿದ್ದಳು.

ತಂಗಿ ಅರ್ಧ ವಾದ ಮುಗಿಸುವಷ್ಟರಲ್ಲಿ ಮುಖ್ಯ ನ್ಯಾಯಾಧೀಶರು ಕಣ್ಣು ಪೂರ್ತಿ ತೆರೆದರು.

"ನೀವು ಹೇಳಿದ್ದನ್ನೆಲ್ಲ ಒಪ್ಪಿಕೊಂಡೆ ಅಂತಲೇ ಇಟ್ಕೊಳ್ಳಿ," ಎಂದರು. "ಕಂಪನಿಯನ್ನ ಒಡೆದೆ. ನಾಳೆ ಹೊಸ ಕಂಪನಿಯೂ ಇದೇ ಕರಾರು ಬರೆಸಿಕೊಂಡರೆ ನಿಮ್ಮ ನಕ್ಷೆಯವರಿಗೆ ಏನು ಸಿಕ್ಕಿದ ಹಾಗಾಯ್ತು?"

ತಂಗಿ ತನಗೆ ತಾನೇ ಹಲವು ಸಲ ಕೇಳಿಕೊಂಡಿದ್ದ ಪ್ರಶ್ನೆ ಅದು. ಹಾರಿಕೆಯ ಉತ್ತರ ಕೊಡಬಹುದಿತ್ತು. ಕೊಟ್ಟಿದ್ದರೆ ಪೀಠದ ಭರವಸೆ ಅಲ್ಲಿಗೇ ಸಡಿಲವಾಗುತ್ತಿತ್ತು. ತಾನಾಗಿಯೇ ಬೇಡಿಕೆ ಬಿಟ್ಟುಕೊಡುವ ಅಧಿಕಾರವೂ ಅವಳಿಗಿರಲಿಲ್ಲ. ಅವಳು ಸ್ವಲ್ಪ ಸಮಯ ಕೇಳಿದಳು. ಕೋರ್ಟು ಚಹಾ ವಿರಾಮಕ್ಕೆ ಎದ್ದಿತು.

ಹೊರಗೆ ಕಾರಿಡಾರಿನಲ್ಲಿ ನಿರ್ದೇಶಕರನ್ನು ಕಂಬದ ಪಕ್ಕಕ್ಕೆ ಕರೆದುಕೊಂಡು ಹೋದಳು. ನಿರ್ದೇಶಕರು ಕೆಟ್ಟವರಲ್ಲ, ಆದರೆ ಒಮ್ಮೆ ಹೇಳಿದ್ದನ್ನು ಹಿಂತೆಗೆದುಕೊಂಡರೆ ಮೂಗು ಕೊಯ್ದಂತೆ ಎಂದುಕೊಳ್ಳುವ ಮನುಷ್ಯ. ಒಡೆಯುವ ಬೇಡಿಕೆ ಬಿಡೋಣ ಎಂದು ಅವಳು ಹೇಳಿದ ಕೂಡಲೇ ಅವರ ಮುಖ ಕೆಂಪಾಯಿತು. ನಾಳೆ ಪತ್ರಿಕೆಯವರು ಆಯೋಗ ಬಾಲ ಮುದುರಿತು ಅಂತ ಬರೆಯುತ್ತಾರೆ ಎಂದರು. ಇಷ್ಟು ದಿನ ದುಡಿದದ್ದು ಇದಕ್ಕೇನಾ ಎಂದರು. ತಂಗಿ ಅವರು ಹೇಳುವುದನ್ನು ಪೂರ್ತಿ ಹೇಳಲು ಬಿಟ್ಟಳು.

"ಸರ್, ನಮಗೆ ಬೇಕಿರೋದು ಕಂಪನಿ ಮುರಿಯೋದಾ, ಬಾಗಿಲು ತೆಗೆಸೋದಾ?" ಎಂದು ಕೇಳಿದಳು. "ಮುರೀರಿ ಅಂತ ಹಟ ಹಿಡಿದ್ರೆ ನಮ್ಮಕ್ಕ ಮಧ್ಯಾಹ್ನ ಪೂರ್ತಿ ಅದನ್ನೇ ಹಿಡಿದು ಜಗ್ಗಾಡ್ತಾಳೆ. ಕರಾರಿನ ಮಾತು ಮೂಲೆಗೆ ಬೀಳುತ್ತೆ. ಕರಾರು ಕಿತ್ತುಹಾಕಿ ಅಂತ ಮಾತ್ರ ಕೇಳಿದ್ರೆ ಅವಳು ಕರಾರನ್ನೇ ಸಮರ್ಥಿಸಬೇಕು. ಅದು ಅವಳಿಂದಲೂ ಆಗಲ್ಲ."

"ಇಷ್ಟು ಖಾತ್ರಿಯಾಗಿ ಹೇಗೆ ಹೇಳ್ತೀರಿ?"

"ಅವಳ ಹತ್ತಿರ ಸೋತು ಸೋತು ಕಲಿತಿದ್ದೀನಿ ಸರ್."

ನಿರ್ದೇಶಕರಿಗೆ ಬೇಡವೆಂದರೂ ನಗು ಬಂತು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಸೋತರೆ ಏನು ಗತಿ ಎಂದು ಕೇಳಿದರು. ವಕೀಲೆಯ ಸಲಹೆ ಕೇಳಿ ಸೋತೆವು ಅಂತ ನನ್ನ ಹೆಸರು ಹೇಳಿಬಿಡಿ ಎಂದಳು ತಂಗಿ. ಅವರು, ಹೆಸರು ಹೇಳುವುದಾದರೆ ಇಬ್ಬರದೂ ಹೇಳೋಣ, ಹೋಗಿ, ಎಂದರು.

ಕೋರ್ಟು ಮತ್ತೆ ಕೂತಿತು. ತಂಗಿ ಎದ್ದು, ಕಂಪನಿಯನ್ನು ಒಡೆಯಬೇಕೆಂಬ ಬೇಡಿಕೆಯನ್ನು ಆಯೋಗ ಹಿಂತೆಗೆದುಕೊಳ್ಳುತ್ತದೆ ಎಂದು ಹೇಳಿದಳು. ನಮಗೆ ಬೇಕಾದದ್ದು ಎರಡೇ ಎಂದಳು. ಆ ಕರಾರು ರದ್ದಾಗಬೇಕು. ಗಾಡಿಯ ಹೊರೆ, ಎತ್ತರ ಇಂಥ ವಿವರಗಳನ್ನು ಕಂಪನಿ ತನ್ನ ನಕ್ಷೆಗೆ ಕೊಡುವ ಹಾಗೆಯೇ ಬೇರೆ ನಕ್ಷೆಗಳಿಗೂ ಕೊಡಬೇಕು. ಇಷ್ಟು ಸಾಕು. ಕಂಪನಿ ದೊಡ್ಡದಾಗಿಯೇ ಇರಲಿ, ಇನ್ನೂ ದೊಡ್ಡದಾಗಲಿ, ನಮಗೆ ಹೊಟ್ಟೆಕಿಚ್ಚಿಲ್ಲ. ದೊಡ್ಡದಾಗಿರುವುದು ತಪ್ಪಲ್ಲ, ಅಡ್ಡ ಕೂರುವುದು ತಪ್ಪು.

ಹೇಳಿ ಮುಗಿಸಿ ಕೂರುವಾಗ ಅವಳು ಓರೆಗಣ್ಣಿನಿಂದ ಅಕ್ಕನ ಕಡೆ ನೋಡಿದಳು. ಅಕ್ಕ ತನ್ನ ದಪ್ಪ ಕಟ್ಟಿನ ಮೇಲೆ ಅಂಗೈ ಇಟ್ಟು ಅಲ್ಲಾಡದೆ ಕೂತಿದ್ದಳು. ಆಮೇಲೆ ಆ ಕಟ್ಟನ್ನು ಪಕ್ಕಕ್ಕೆ ಸರಿಸಿದಳು. ಸರಿಸುವಾಗ ತುಟಿಯ ಒಂದು ಕೊನೆ ಮೇಲೆದ್ದದ್ದು ತಂಗಿಗೆ ಮಾತ್ರ ಕಂಡಿತು. ಚದುರಂಗದಲ್ಲಿ ಒಳ್ಳೆ ನಡೆ ಕಂಡಾಗ ಅಕ್ಕ ಹಾಗೆ ಮಾಡುತ್ತಿದ್ದಳು.

ಆದರೆ ಅವಳು ಅಕ್ಕ. ಎದ್ದು ನಿಂತು, ಕೈಯಲ್ಲಿ ಏನೂ ಇಲ್ಲದೆ, ನಿಂತ ನಿಲುವಿನಲ್ಲೇ ಹೊಸ ವಾದ ಕಟ್ಟಿದಳು. ಕರಾರು ವ್ಯಾಪಾರದ ದುರಾಸೆಗಲ್ಲ, ಸುರಕ್ಷತೆಗೆ ಎಂದಳು. ರಸ್ತೆಯಲ್ಲಿ ಓಡುವ ಗಾಡಿಯ ಪರದೆ ಆಟದ ಸಾಮಾನಲ್ಲ. ಯಾರೋ ಮಾಡಿದ ನಕ್ಷೆ ನಡುದಾರಿಯಲ್ಲಿ ಕೈಕೊಟ್ಟು ಪರದೆಯೇ ಆರಿಹೋದರೆ ಜೀವ ಹೋಗುವುದು ಚಾಲಕನದು. ನಮ್ಮ ಮನೆಗೆ ಯಾರು ಬರಬೇಕೆಂದು ನಾವು ನೋಡಿ ಬಿಡಬೇಡವೇ? ಕೇಳುತ್ತ ಕೇಳುತ್ತ ತಂಗಿಗೇ ಒಂದು ಕ್ಷಣ ಹೌದಲ್ಲ ಅನ್ನಿಸಿತು. ಇಡೀ ವಿಚಾರಣೆಯಲ್ಲಿ ಅಕ್ಕ ಆಡಿದ ಅತ್ಯುತ್ತಮ ವಾದ ಅದೇ.

ಉತ್ತರ ಕೊಡಲು ತಂಗಿ ಎದ್ದಳು. ಸುರಕ್ಷತೆಯ ಮಾತನ್ನು ಅವಳು ತಳ್ಳಿಹಾಕಲಿಲ್ಲ, ಬಾಚಿ ಅಪ್ಪಿಕೊಂಡಳು. ನನ್ನ ಹಿರಿಯ ಮಿತ್ರರು ಹೇಳಿದ್ದು ನೂರಕ್ಕೆ ನೂರು ಸರಿ ಎಂದಳು. ಪರೀಕ್ಷೆ ಇರಲಿ. ಕಟ್ಟುನಿಟ್ಟಾಗಿಯೇ ಇರಲಿ. ಅದರಲ್ಲಿ ಪಾಸಾದವರು ಒಳಗೆ ಬರಲಿ, ಆಗದವರು ಹೊರಗಿರಲಿ. ಆದರೆ ಆ ಕರಾರಿನಲ್ಲಿ ಪರೀಕ್ಷೆಯ ಮಾತೇ ಇಲ್ಲ. ಒಳ್ಳೆಯ ನಕ್ಷೆಗೂ ಅದೇ ಬೀಗ, ಕೆಟ್ಟ ನಕ್ಷೆಗೂ ಅದೇ ಬೀಗ.

ಮುಖ್ಯ ನ್ಯಾಯಾಧೀಶರು ಅಕ್ಕನ ಕಡೆ ತಿರುಗಿದರು.

"ಒಂದು ಕೇಳ್ತೀನಿ. ನಿಮ್ಮ ಕಂಪನಿಯ ನಕ್ಷೆ ಪರದೆಗೆ ಹೋಗೋ ಮುಂಚೆ ಇಂಥ ಯಾವುದಾದರೂ ಸುರಕ್ಷತಾ ಪರೀಕ್ಷೆ ಪಾಸು ಮಾಡಿದೆಯಾ?"

ಅಕ್ಕ ಹಿಂದೆ ತಿರುಗಿ ಕಂಪನಿಯ ಅಧಿಕಾರಿಯನ್ನು ಕೇಳಿದಳು. ಆತ ಅವಳ ಕಿವಿಯಲ್ಲಿ ಏನೋ ಉದ್ದಕ್ಕೆ ಹೇಳಿದ. ಅವಳು ತಲೆಯಾಡಿಸಿ ಮತ್ತೇನೋ ಕೇಳಿದಳು. ಆತ ಮತ್ತೆ ಹೇಳಿದ. ಸುತ್ತಿ ಬಳಸಿ ಹೇಳುವುದಕ್ಕೆ ಬೇಕಾದಷ್ಟು ದಾರಿಗಳಿದ್ದವು. ಕಂಪನಿಯೊಳಗೆ ಉನ್ನತ ಗುಣಮಟ್ಟ ಪಾಲಿಸುತ್ತಾರೆ ಎನ್ನಬಹುದಿತ್ತು, ವಿವರ ಆಮೇಲೆ ಸಲ್ಲಿಸುತ್ತೇವೆ ಎನ್ನಬಹುದಿತ್ತು. ಆತ ಹೇಳಿಕೊಟ್ಟದ್ದೂ ಅದನ್ನೇ ಇರಬೇಕು. ಅಕ್ಕ ಪೀಠದ ಕಡೆ ತಿರುಗಿ ನೆಟ್ಟಗೆ ನಿಂತಳು.

"ಇಲ್ಲ ಸ್ವಾಮಿ. ಅಂಥ ಪರೀಕ್ಷೆ ಇಲ್ಲ."

ಆ ಮಾತಿಗೆ ಎಷ್ಟು ಬೆಲೆ ತೆರಬೇಕಾಗುತ್ತದೆಂದು ಆ ಕೋಣೆಯಲ್ಲಿ ಅಕ್ಕನಷ್ಟೇ ಚೆನ್ನಾಗಿ ತಿಳಿದವಳು ತಂಗಿ. ಈಗ ಎದ್ದು ನಾಲ್ಕು ಮಾತು ಚುಚ್ಚಿದರೆ ಪತ್ರಿಕೆಯವರಿಗೆ ಹಬ್ಬ. ನಿರ್ದೇಶಕರು ಹಿಂದಿನಿಂದ, ಏಳಿ, ಏಳಿ, ಎಂದು ಪಿಸುಗುಟ್ಟುತ್ತಿದ್ದರು. ಅವಳು ಏಳಲಿಲ್ಲ. ಇನ್ನೇನಾದರೂ ಹೇಳುವುದಿದೆಯೇ ಎಂದು ಪೀಠ ಕೇಳಿದಾಗಲೂ ಕೂತಲ್ಲಿಂದ ಅರ್ಧ ಎದ್ದು, ಏನೂ ಇಲ್ಲ ಸ್ವಾಮಿ, ಎಂದಳು. ಕೇಸು ಮುಗಿದಿದೆ ಎಂದು ಅವಳಿಗೆ ಗೊತ್ತಿತ್ತು. ಮುಗಿದ ಮೇಲೂ ಮಾತಾಡುವುದು ಸಂಶಯ ಇರುವವರ ಲಕ್ಷಣ.

ತೀರ್ಪು ಬರಲು ಬೇಸಿಗೆ ಕಳೆಯಿತು. ಪರದೆಯೂ ನಕ್ಷೆಯೂ ಬೇರೆ ಬೇರೆ ಸರಕು ಎಂದು ಪೀಠ ಹೇಳಿತು. ಕರಾರನ್ನು ರದ್ದು ಮಾಡಿತು, ಗಾಡಿಯ ವಿವರಗಳನ್ನು ಬೇರೆ ನಕ್ಷೆಗಳಿಗೂ ಕೊಡಬೇಕೆಂದಿತು, ಕಂಪನಿಗೆ ದಂಡವನ್ನೂ ಹಾಕಿತು. ಸರ್ಕಾರ ಒಂದು ಸುರಕ್ಷತಾ ಪರೀಕ್ಷೆ ರೂಪಿಸಬೇಕು, ಕಂಪನಿಯ ನಕ್ಷೆಯೂ ಸೇರಿದಂತೆ ಎಲ್ಲರೂ ಅದನ್ನು ಪಾಸು ಮಾಡಿಯೇ ಒಳಗೆ ಬರಬೇಕು ಎಂದಿತು. ಪುಕ್ಕಟೆ ಕೊಡುವುದೂ ತಪ್ಪೆಂದು ಆಯೋಗ ಅರ್ಜಿಯಲ್ಲಿ ಸೇರಿಸಿದ್ದ ಇನ್ನೊಂದು ವಾದವನ್ನು ಮಾತ್ರ ತಳ್ಳಿಹಾಕಿತು. ಅಲ್ಲಿ ಅಕ್ಕ ಗೆದ್ದಳು. ಒಡೆಯುವ ಬೇಡಿಕೆಯನ್ನು ಬಿಟ್ಟದ್ದು ಆಯೋಗದ ವಿವೇಕ ಎಂದು ತೀರ್ಪಿನಲ್ಲೇ ಒಂದು ಸಾಲು ಇತ್ತು. ನಿರ್ದೇಶಕರು ಪತ್ರಿಕೆಯವರಿಗೆ ಆ ಸಾಲನ್ನೇ ಓದಿ ಹೇಳಿದರು, ಮೊದಲಿನಿಂದಲೂ ತಮ್ಮ ಯೋಚನೆ ಅದೇ ಆಗಿತ್ತೆಂಬಂತೆ. ತಂಗಿ ಪಕ್ಕದಲ್ಲಿ ನಿಂತು ಗಂಭೀರವಾಗಿ ತಲೆಯಾಡಿಸಿದಳು.

ಕಂಪನಿ ಮೇಲ್ಮನವಿ ಹಾಕಿತು. ಆದರೆ ಅದಕ್ಕೆ ಅಕ್ಕನನ್ನು ಕರೆಯಲಿಲ್ಲ. ಈ ಸುದ್ದಿ ತಂಗಿಗೆ ಬೇರೆಯವರಿಂದ ತಿಳಿಯಿತು. ಸಂಜೆ ನೇರ ಅಕ್ಕನ ಕಚೇರಿಗೆ ಹೋದಳು. ಅಕ್ಕ ಕಪಾಟಿನಿಂದ ಕಂಪನಿಯ ಕಡತಗಳನ್ನು ಇಳಿಸಿ ಪೆಟ್ಟಿಗೆಗೆ ತುಂಬುತ್ತಿದ್ದಳು. ಹೊಸ ವಕೀಲರಿಗೆ ಕಳಿಸಬೇಕಿತ್ತು. ತಂಗಿ ಸಮಾಧಾನದ ಮಾತು ಹುಡುಕುತ್ತ ಬಾಗಿಲಲ್ಲೇ ನಿಂತಳು.

"ಬಾಗಿಲಲ್ಲಿ ಯಾಕೆ ನಿಂತೆ, ಆ ಕಡೆ ಹಿಡ್ಕೋ ಬಾ, ಭಾರ ಇದೆ," ಎಂದಳು ಅಕ್ಕ.

ಇಬ್ಬರೂ ಸೇರಿ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು. ಆ ಅಧಿಕಾರಿ ಹೇಳಿಕೊಟ್ಟ ಹಾಗೆ ಹೇಳಿದ್ದರೆ ಈ ಕೆಲಸ ನಿನ್ನ ಕೈಲೇ ಉಳಿಯುತ್ತಿತ್ತಲ್ಲ ಎಂದು ತಂಗಿ ಕೇಳಿದಳು. ಉಳಿಯುತ್ತಿತ್ತು, ಎಂದಳು ಅಕ್ಕ. ಆಮೇಲೆ ಇನ್ನು ಯಾವ ನ್ಯಾಯಾಧೀಶರೂ ನಾನು ಇಲ್ಲ ಅಂದರೆ ಇಲ್ಲ, ಹೌದು ಅಂದರೆ ಹೌದು ಅಂತ ನಂಬುತ್ತಿರಲಿಲ್ಲ. ನನ್ನ ಅಂಗಡಿಯಲ್ಲಿ ಇರೋದೇ ಆ ಒಂದು ಸರಕು. ಅದನ್ನು ಒಂದು ಕಂಪನಿಗಾಗಿ ಮಾರಿಕೊಳ್ಳಲೇ? ಹೇಳುವಾಗ ಅವಳ ಮುಖದಲ್ಲಿ ಹಳಹಳಿ ಇರಲಿಲ್ಲ. ಸ್ವಲ್ಪ ಸಿಟ್ಟಿತ್ತು, ಅದು ಸೋತದ್ದಕ್ಕೆ.

"ಒಡೆಯೋ ಬೇಡಿಕೆ ಬಿಟ್ಟೆಯಲ್ಲ," ಎಂದು ಆಮೇಲೆ ಕೇಳಿದಳು, "ಅದು ಮೊದಲೇ ಯೋಚಿಸಿದ್ದಾ, ಅಲ್ಲೇ ಹೊಳೆದದ್ದಾ?"

"ಮೊದಲೇ. ಬಿಡೋಕೆ ನೆಪವಾಗಿ ಪೀಠದಿಂದ ಒಂದು ಪ್ರಶ್ನೆ ಬರಲಿ ಅಂತ ಕಾಯ್ತಿದ್ದೆ."

"ಮೂರು ವಾರ ಕಷ್ಟಪಟ್ಟಿದ್ದೆ ಕಣೇ ಅದರ ಮೇಲೆ," ಎಂದಳು ಅಕ್ಕ. ಹೇಳಿದವಳೇ ಕುರ್ಚಿಯಲ್ಲಿ ಕುಸಿದು ಹೊಟ್ಟೆ ಹಿಡಿದುಕೊಂಡು ನಕ್ಕಳು. ತಂಗಿಗೂ ತಡೆಯಲಾಗಲಿಲ್ಲ.

ಮೇಲ್ಮನವಿಯಲ್ಲಿ ಕಂಪನಿಯ ಹೊಸ ವಕೀಲರು ಕರಾರಿನ ಮಾತು ಎತ್ತಲೇ ಇಲ್ಲ. ದಂಡದ ಮೇಲಷ್ಟೇ ವಾದಿಸಿದರು, ಅದನ್ನೂ ಅರ್ಧಕ್ಕೆ ಇಳಿಸಿಕೊಂಡರು. ಉಳಿದದ್ದು ಹಾಗೇ ನಿಂತಿತು. ಪರೀಕ್ಷೆ ಜಾರಿಗೆ ಬಂತು. ನಕ್ಷೆಯಮ್ಮನ ನಕ್ಷೆ ಮೊದಲ ಸಲಕ್ಕೇ ಪಾಸಾಯಿತು. ಕಂಪನಿಯದು ಮೊದಲ ಸಲ ಫೇಲಾಗಿ, ತಿದ್ದಿಕೊಂಡು ಬಂದು ಎರಡನೇ ಸಲ ಪಾಸಾಯಿತು. ತಿದ್ದುವಾಗ ಸೇತುವೆಗಳ ಎತ್ತರವನ್ನೂ ಸೇರಿಸಿಕೊಂಡಿತು.

ಅಕ್ಕ ಇದನ್ನೇ ಹಿಡಿದುಕೊಂಡಳು. ಒಂದು ಭಾನುವಾರ ಅಮ್ಮನ ಮನೆಯಲ್ಲಿ, ನೋಡು, ನಮ್ಮವರ ನಕ್ಷೆ ಈಗ ನಿಮ್ಮವಳದಕ್ಕಿಂತ ಚೆನ್ನಾಗಿದೆ, ಗೆದ್ದದ್ದು ನಾವೇ, ಎಂದು ಶುರುಮಾಡಿದಳು. ಚೆನ್ನಾಗಿದ್ದರೆ ಅದು ನಾವು ಬಾಗಿಲು ತೆಗೆಸಿದ್ದರಿಂದ, ಆದ್ದರಿಂದ ಗೆದ್ದದ್ದು ನಾವು, ಎಂದಳು ತಂಗಿ. ಹಾಗಾದರೆ ಗಿರಾಕಿಗೆ ಲಾಭವಾಯಿತು ಅಂತ ನೀನೇ ಒಪ್ಪಿದೆ, ಕಂಪನಿಯಿಂದ ಗಿರಾಕಿಗೆ ನಷ್ಟ ಅನ್ನೋ ನಿನ್ನ ವಾದ ಎಲ್ಲಿ ಹೋಯಿತು, ಎಂದು ಅಕ್ಕ ಅಡ್ಡಗಾಲು ಹಾಕಿದಳು. ತಂಗಿ ತಟ್ಟೆಯ ಪಕ್ಕದ ಚಮಚ, ಲೋಟ, ನೀರಿನ ಜಗ್ಗು ಎಲ್ಲವನ್ನೂ ಮುಂದಕ್ಕೆಳೆದು, ಇದು ಪರದೆ, ಇದು ನಕ್ಷೆ, ಎಂದು ಜೋಡಿಸಿ ವಾದ ಮಂಡಿಸತೊಡಗಿದಳು.

ಅಮ್ಮ ಕೈಚಾಚಿ ಚಮಚ ಲೋಟಗಳ ಆ ಮಾರುಕಟ್ಟೆಯ ನಡುವಿನಿಂದ ತನ್ನ ಲೋಟವನ್ನು ಎತ್ತಿಕೊಂಡು ನೀರು ಕುಡಿದಳು.